ಕಿಲಾರಿ ತಾತನ ತುಪಾಕಿಗೆ ಅಕ್ಕ ಹಾಕಿದ ಬೆಣೆ

ನಿಮ್ಮ ಅಜ್ಜಿಯೂ ಒಂದು ಕಾಲದಲ್ಲಿ ನಿಮ್ಮಷ್ಟೇ ಎತ್ತರವಿದ್ದಳು ಎಂದರೆ ನೀವು ನಗುತ್ತೀರಿ. ಆದರೂ ಇದ್ದೆ. ಎರಡು ಜಡೆ ಹಾಕಿಕೊಂಡು, ಮೂಗಿನ ತುದಿಗೆ ಸದಾ ಇದ್ದಿಲಿನ ಮಸಿ ಅಂಟಿಸಿಕೊಂಡು ಓಡಾಡುತ್ತಿದ್ದ ಎಂಟು ವರ್ಷದ ಹುಡುಗಿ ನಾನು. ನಮ್ಮ ಅಪ್ಪ ಕಮ್ಮಾರ. ಕೊಂಡ್ಲಹಳ್ಳಿಯಿಂದ ಒಂದು ಹರದಾರಿ ದೂರದ ಸಣ್ಣ ಊರಿನಲ್ಲಿ, ಬೇವಿನ ಮರದ ಕೆಳಗೆ ನಮ್ಮ ಕುಲುಮೆ ಇತ್ತು. ಅಪ್ಪ ಕುಡುಗೋಲು, ಕುಂಟೆಯ ತಾಳು, ಗಾಡಿ ಚಕ್ರದ ಪಟ್ಟಿ ಮಾಡುತ್ತಿದ್ದ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ತಿದಿ ಒತ್ತುತ್ತಿದ್ದಳು. ಚರ್ಮದ ಆ ತಿದಿ ಉಸಿರೆಳೆದು ಬಿಟ್ಟಾಗಲೆಲ್ಲ ಇದ್ದಿಲ ರಾಶಿಯ ಒಳಗಿನಿಂದ ಕೆಂಪು ಕಣ್ಣುಗಳು ತೆರೆದು ಮುಚ್ಚಿದಂತೆ ಕಾಣುತ್ತಿತ್ತು. ಗಂಟೆಗಟ್ಟಲೆ ನೋಡಿದರೂ ನನಗೆ ಬೇಸರವಾಗುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ದಿನದ ಮಾತು. ಅವ್ವ ತೌರಿಗೆ ಹೋಗಿದ್ದಳು. ಬೆಳಿಗ್ಗೆ ನಾವು ಅಂಬಲಿ ಕುಡಿದು ಕುಲುಮೆಗೆ ಬರುವಷ್ಟರಲ್ಲಿ ಬೇವಿನ ಬುಡದಲ್ಲಿ ಒಬ್ಬ ಮುದುಕ ಕುಳಿತಿದ್ದ. ಮೈಮೇಲೆ ಕಂಬಳಿ, ಬರಿಗಾಲು, ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಅವನು ಕಿಲಾರಿ ತಾತ. ನಮ್ಮ ಸೀಮೆಯಲ್ಲಿ ದೇವರ ಎತ್ತುಗಳು ಎಂದಿವೆ. ಅವನ್ನು ಗಾಡಿಗೆ ಕಟ್ಟುವಂತಿಲ್ಲ, ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಹುಟ್ಟಿದಾಗಿನಿಂದ ಸಾಯುವವರೆಗೆ ಅವು ದೇವರವು. ಅಂಥ ನೂರಾರು ದನಗಳನ್ನು ಮೇಯಿಸಿಕೊಂಡು, ಅವುಗಳ ಜೊತೆಯಲ್ಲೇ ಮಲಗಿ ಏಳುವವನನ್ನು ಕಿಲಾರಿ ಎನ್ನುತ್ತಾರೆ. ತಾತ ಊರೊಳಗೆ ಬರುವುದೇ ಅಪರೂಪವಾಗಿತ್ತು.

ಅವನು ಗಂಟು ಬಿಚ್ಚಿದ. ಒಳಗೆ ತುಪಾಕಿ ಇತ್ತು.

ನಾನು ಅದುವರೆಗೆ ತುಪಾಕಿಯನ್ನು ಹತ್ತಿರದಿಂದ ಕಂಡಿರಲಿಲ್ಲ. ನನಗಿಂತ ಉದ್ದವಿತ್ತು. ಕಪ್ಪು ಮರದ ಹಿಡಿ ಎಷ್ಟೋ ಜನರ ಕೆನ್ನೆ ತಾಗಿ ತಾಗಿ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಅದನ್ನು ತಾತನ ಮುತ್ತಜ್ಜನಿಗೆ ಯಾರೋ ಪಾಳೆಯಗಾರರು ಕೊಟ್ಟಿದ್ದರಂತೆ. ಈಗಿನ ಬಂದೂಕುಗಳ ಹಾಗಲ್ಲ ಅದು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಇಟ್ಟು, ಕಡ್ಡಿಯಲ್ಲಿ ಜಡಿದು ತುಂಬಬೇಕು. ಒಂದು ಸಲ ಹೊಡೆದರೆ ಮತ್ತೆ ತುಂಬುವ ಹೊತ್ತಿಗೆ ಮೊಲ ಮೂರು ಹೊಲ ದಾಟಿರುತ್ತದೆ. ನಾನು ಮೆಲ್ಲಗೆ ನಳಿಗೆಯ ಬಾಯೊಳಗೆ ಬೆರಳು ಹಾಕಿದೆ. ಒಳಗೆ ಸಣ್ಣ ಸಣ್ಣ ಗೀರುಗಳು ಸುರುಳಿ ಸುತ್ತಿಕೊಂಡು ಆಳಕ್ಕೆ ಇಳಿದಿದ್ದವು. ಇಷ್ಟು ಇಕ್ಕಟ್ಟಾದ ಕತ್ತಲೆಯೊಳಗೆ ಅಷ್ಟು ಅಂದವಾಗಿ ಗೀರಿದ ಕೈ ಯಾವುದಿರಬಹುದು ಎಂದು ನನಗೆ ಮೈ ಜುಮ್ಮೆಂದಿತು.

ತಾತನ ಬಲಗೆನ್ನೆಯ ಮೇಲೆ ಸುಟ್ಟ ಗಾಯವಿತ್ತು. ಅವನು ಅಪ್ಪನನ್ನು ನೋಡದೆ, ನೆಲ ನೋಡುತ್ತಾ ಹೇಳಿದ.

"ಆಚಾರೀ, ಇದನ್ನ ಸರಿ ಮಾಡೋಕಾದ್ರೆ ಮಾಡು. ಆಗಲ್ಲ ಅಂದ್ರೆ ಬೆಂಕಿಗೆ ಹಾಕಿ ನಾಕು ಕುಡುಗೋಲು ಮಾಡ್ಕೊಂಬಿಡು. ನಾ ಮಾತ್ರ ಇದನ್ನ ಹಿಂಗೇ ಕೈಲಿ ಹಿಡಿಯೋದಿಲ್ಲ."

"ಏನಾತು ತಾತ?" ಎಂದು ಅಪ್ಪ ಕೇಳಿದ.

ಹಿಂದಿನ ಸೋಮವಾರ ಗುಡ್ಡದ ಬಂಡೆಗಳಿಂದ ಚಿರತೆಯೊಂದು ಇಳಿದು ಕರುವನ್ನು ಹಿಡಿದಿತ್ತಂತೆ. ತಾತ ತುಪಾಕಿ ಹೊಡೆದ. ಆದರೆ ನಳಿಗೆ ತನ್ನನ್ನು ಹಿಡಿದಿದ್ದ ಮರದ ಹಿಡಿಯನ್ನು ಬಿಟ್ಟು ಮೇಲೆದ್ದಿತು. ಬೆಂಕಿ ಅವನ ಕೆನ್ನೆಗೆ ತಗುಲಿತು. ಗುಂಡು ಚಿರತೆಯ ಕಡೆ ಹೋಗದೆ ಹಿಂಡಿನ ಹಿರಿಯ ಎತ್ತಿನ ಕಿವಿಯನ್ನು ಹರಿದುಕೊಂಡು ಹೋಯಿತು. ದೇವರ ಎತ್ತಿನ ರಕ್ತ ಅವನ ಕೈಯಿಂದಲೇ ನೆಲಕ್ಕೆ ಬಿದ್ದಿತ್ತು. ಅಂದಿನಿಂದ ತಾತ ದಿನಕ್ಕೆ ಒಂದು ಹಿಡಿ ಹುರಿಗಡಲೆ ಬಿಟ್ಟು ಬೇರೇನೂ ತಿಂದಿರಲಿಲ್ಲ. ಇಷ್ಟು ಹೇಳಿ ಅವನು ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ಅಷ್ಟು ವಯಸ್ಸಾದವರು ಅಳುವುದನ್ನು ನಾನು ಮೊದಲು ನೋಡಿದ್ದು ಆಗಲೇ.

ಅಪ್ಪ ತುಪಾಕಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳಾಡಿಸಿದ. ಮರದ ಪಕ್ಕದಲ್ಲಿ ಎರಡು ಕಡೆ ಉದ್ದ ತೂತುಗಳಿದ್ದವು. ಒಂದರಲ್ಲಿ ಚಪ್ಪಟೆಯಾದ ಕಬ್ಬಿಣದ ತುಂಡು ಅಡ್ಡವಾಗಿ ಕೂತಿತ್ತು. ಇನ್ನೊಂದರಲ್ಲಿ ಬೇವಿನ ಕಡ್ಡಿ ತುರುಕಿದ್ದರು. ಆ ಕಬ್ಬಿಣದ ತುಂಡೇ ಬೆಣೆ. ನಳಿಗೆಯ ಹೊಟ್ಟೆಗೆ ಬೆಸೆದ ಕೊಂಡಿಗಳಿರುತ್ತವೆ. ಬೆಣೆಯು ಮರದ ಒಂದು ಪಕ್ಕದಿಂದ ಹೊಕ್ಕು, ಕೊಂಡಿಯೊಳಗೆ ತೂರಿ, ಇನ್ನೊಂದು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಭಾರದ ನಳಿಗೆಯನ್ನು ಮರಕ್ಕೆ ಹಿಡಿದಿಡುವುದು ಕಿರುಬೆರಳಿನಷ್ಟು ಉದ್ದದ ಆ ಎರಡು ಬೆಣೆಗಳು ಮಾತ್ರ. ಒಂದು ಬೆಣೆ ದನ ಮೇಯುವ ಕಾವಲಿನ ಹುಲ್ಲಿನಲ್ಲಿ ಯಾವಾಗಲೋ ಬಿದ್ದುಹೋಗಿತ್ತು. ಇನ್ನೊಂದನ್ನು ಅಪ್ಪ ಹೆಬ್ಬೆರಳಿನಿಂದ ಒತ್ತಿದ. ಅದು ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಬಿಸ್ಲಿಗೆ ಮರ ಸೊರಗ್ತೈತೆ ತಾತ, ಕಬ್ಣ ಸೊರಗಲ್ಲ," ಎಂದ ಅಪ್ಪ. "ತೂತು ದೊಡ್ಡದಾತು, ಬೆಣೆ ಅಷ್ಟೇ ಉಳೀತು. ತಪ್ಪು ನಿನ್ನ ಕೈದಲ್ಲ."

ತಾತ ಆಗ ಮೊದಲ ಬಾರಿಗೆ ತಲೆ ಎತ್ತಿದ.

"ಎರಡು ಮೊಳೆ ಹೊಡೆದುಬಿಟ್ಟರೆ ಬೀಳೋದೇ ಇಲ್ವಲ್ಲಪ್ಪ?" ಎಂದು ನಾನು ಕೇಳಿದೆ. ಅಪ್ಪ ನಗಲಿಲ್ಲ. ಮದ್ದಿನ ಬೂದಿ ಕಬ್ಬಿಣವನ್ನು ತಿನ್ನುತ್ತದೆ, ಹೊಡೆದ ಮೇಲೆ ನಳಿಗೆಯನ್ನು ಬಿಚ್ಚಿ ಬಿಸಿನೀರಲ್ಲಿ ತೊಳೆಯಬೇಕು, ಹಾಗಾಗಿ ಬೇಕೆಂದಾಗ ಬಿಚ್ಚಿ ಬರಬೇಕು, ಬೇಡವೆಂದಾಗ ಜಪ್ಪಯ್ಯ ಎಂದರೂ ಬರಬಾರದು ಎಂದು ವಿವರಿಸಿದ. ಎರಡನ್ನೂ ಮಾಡುವ ವಸ್ತು ಬೆಣೆ ಒಂದೇ. ತೀರಾ ಬಿಗಿಯಾದರೆ ಮರ ಸೀಳುತ್ತದೆ. ಸ್ವಲ್ಪ ಸಡಿಲವಾದರೆ ತಾತನ ಕೆನ್ನೆಗೆ ಆದದ್ದೇ ಆಗುತ್ತದೆ.

ಅಕ್ಕ ತಿದಿ ಒತ್ತಿದಳು. ಅಪ್ಪ ಹಳೆಯ ಚಕ್ರದ ಪಟ್ಟಿಯ ತುಂಡನ್ನು ಬೆಂಕಿಗಿಟ್ಟ. ಅದು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಬೆಳಗಿನ ಸೂರ್ಯನ ಬಣ್ಣಕ್ಕೆ ಬಂದಾಗ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿದ. ಟಣ್ ಟಣ್ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ತುಂಡು ತೆಳುವಾಯಿತು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರ. ಆಮೇಲೆ ಅರದಲ್ಲಿ ಉಜ್ಜಿ ಉಜ್ಜಿ, ತೂತಿಗೆ ಹಾಕಿ ನೋಡಿ, ಮತ್ತೆ ಉಜ್ಜಿ, ಮತ್ತೆ ನೋಡಿ ಅಳತೆಗೆ ತಂದ. ಕೊನೆಗೆ ಸುತ್ತಿಗೆಯ ಒಂದೇ ಒಂದು ಮೆಲುಪೆಟ್ಟಿನಿಂದ ಬೆಣೆಯನ್ನು ಬಿಲ್ಲಿನ ಹಾಗೆ ಚೂರೇ ಚೂರು ಬಾಗಿಸಿದ. ಆ ಬಾಗು ಕಣ್ಣಿಗೆ ಕಾಣುತ್ತಿರಲಿಲ್ಲ. ಒಳಗೆ ಹೋದ ಮೇಲೆ ಆ ಬಾಗೇ ಮರವನ್ನು ಕಚ್ಚಿ ಹಿಡಿಯುತ್ತದೆಯಂತೆ. ಎರಡನೆಯ ಬೆಣೆಯೂ ಹೀಗೆಯೇ ಆಯಿತು. ಅಷ್ಟರಲ್ಲಿ ನೆತ್ತಿಯ ಮೇಲೆ ಹೊತ್ತು ಬಂದಿತ್ತು.

ಪರೀಕ್ಷೆಗೆ ಎಲ್ಲರೂ ಹಳ್ಳಕ್ಕೆ ಹೋದೆವು. ಹೋಗುವ ಮೊದಲು ಅಕ್ಕ ಏನೋ ಯೋಚಿಸಿ, ಎಣ್ಣೆಯಲ್ಲಿ ಮಸಿ ಕಲಸಿ ಬೆಣೆಗಳ ಎರಡೂ ತುದಿಗೆ, ಮರದ ಅಂಚಿನವರೆಗೆ ಬಳಿದಳು. ಏಕೆಂದು ಯಾರೂ ಕೇಳಲಿಲ್ಲ. ಒಣಗಿದ ಹಳ್ಳದಲ್ಲಿ ತಾತ ಮಣ್ಣಿನ ದಂಡೆಗೆ ಗುರಿಯಿಟ್ಟು ಹೊಡೆದ. ಅಬ್ಬಾ, ಆ ಸದ್ದು! ಕಿವಿಯಿಂದಲ್ಲ, ಎದೆಯಿಂದ ಕೇಳಿಸಿತು. ಬಿಳಿ ಹೊಗೆ ಎದ್ದು ನಿಂತಿತು, ಗಂಧಕದ ವಾಸನೆ ಮೂಗಿಗೆ ಅಡರಿತು. ಮೂರು ಊರಿನ ಕಾಗೆಗಳು ಒಟ್ಟಿಗೆ ಆಕಾಶಕ್ಕೆ ಹಾರಿದವು. ನಳಿಗೆ ಮರದಲ್ಲೇ ಇತ್ತು.

ಅಪ್ಪ ಬೆಣೆಗಳನ್ನು ಹೆಬ್ಬೆರಳಿನಿಂದ ಸವರಿ "ಅಲ್ಲಾಡಿಲ್ಲ, ಕುಂತೈತೆ" ಎಂದ. ತಾತನ ಮುಖ ಅರಳಿತು. ಆಗ ಅಕ್ಕ ತುಪಾಕಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಇಲ್ಲಪ್ಪ. ನಡೆದೈತೆ" ಎಂದಳು.

ನಾನೂ ಬಗ್ಗಿ ನೋಡಿದೆ. ಮಸಿ ಬಳಿದ ಬೆಣೆ ಮರದಿಂದ ಹೊರಬರುವ ಕಡೆಯಲ್ಲಿ ಕೂದಲೆಳೆಯಷ್ಟು ಬಿಳಿಗೆರೆ ಮಿನುಗುತ್ತಿತ್ತು. ಒಳಗೆ ಅಡಗಿದ್ದ ಮಸಿಯಿಲ್ಲದ ಕಬ್ಬಿಣ ಅಷ್ಟು ಹೊರಗೆ ಬಂದಿತ್ತು.

"ಅಷ್ಟಕ್ಕೆ ಏನಾಗ್ತೈತೆ ಬಿಡು ಮಗಾ," ಎಂದ ತಾತ. ಅವನಿಗೆ ಹಿಂಡು ಬಿಟ್ಟು ಬಂದ ಅವಸರ. ಆ ದಿನ ಅವನ ತಮ್ಮನ ಮಗನೊಬ್ಬನೇ ದನಗಳ ಹಿಂದೆ ಇದ್ದ.

"ಒಂದು ಸಲಕ್ಕೆ ಕೂದಲೆಳೆ ತಾತ. ಇಪ್ಪತ್ತು ಸಲಕ್ಕೆ ಹುಲ್ಲಲ್ಲಿ ಬಿದ್ದಿರ್ತೈತೆ. ಹಿಂದಿನ ಬೆಣೆನೂ ಒಂದೇ ದಿನಕ್ಕೆ ಬಿದ್ದಿಲ್ಲ ಅಲ್ವಾ?" ಎಂದಳು ಅಕ್ಕ.

ಅಪ್ಪ ಮತ್ತೆ ತುಪಾಕಿಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ನಂಗೆ ಕಾಣ್ತಿಲ್ಲ ಕಣವ್ವ."

ಇಪ್ಪತ್ತೈದು ವರ್ಷ ಬೆಂಕಿ ನೋಡಿ ನೋಡಿ ಅಪ್ಪನ ಕಣ್ಣು ಮಂಜಾಗಿತ್ತು. ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವನೂ ಒಪ್ಪಿಕೊಂಡಿರಲಿಲ್ಲ. ಹೊರಗಿನವರ ಮುಂದೆ, ಅದೂ ಕೆಲಸ ತಂದವನ ಮುಂದೆ ಅವನು ಹಾಗೆ ಹೇಳಿದಾಗ ನನಗೆ ಏನೋ ಕುಸಿದಂತಾಯಿತು. ಆದರೆ ಅಪ್ಪ ಕುಸಿಯಲಿಲ್ಲ. ಅಕ್ಕನ ಕಡೆ ತಿರುಗಿ, "ಏನ್ ಮಾಡಿದ್ರೆ ನಿಲ್ತೈತೆ ಅಂತೀಯಾ?" ಎಂದು ಕೇಳಿದ. ಇನ್ನೊಬ್ಬ ಆಚಾರಿಯನ್ನು ಕೇಳುವ ದನಿಯಲ್ಲೇ ಕೇಳಿದ.

ಅಕ್ಕ ಯೋಚಿಸಿದ್ದಳು. ಬೆಣೆಯ ನಡುವೆ ಸೂಜಿಯ ಕಣ್ಣಿನಂಥ ಉದ್ದನೆಯ ಸೀಳು ಮಾಡಬೇಕು. ಮರದ ಕೆಳಗಿನಿಂದ ಸಣ್ಣ ಮೊಳೆಯೊಂದನ್ನು ಆ ಸೀಳಿನೊಳಗೆ ಹಾಯುವಂತೆ ಕೂರಿಸಬೇಕು. ಆಗ ನಳಿಗೆ ಬಿಚ್ಚಲು ಬೆಣೆಯನ್ನು ಎಳೆದರೆ ಸೀಳು ಇರುವಷ್ಟು ದೂರ ಜರುಗುತ್ತದೆ, ಅಲ್ಲಿಗೆ ಮೊಳೆ ಅದನ್ನು ತಡೆಯುತ್ತದೆ. ಕಟ್ಟಿದ ಕರುವಿನ ಹಾಗೆ, ಹಗ್ಗ ಇರುವಷ್ಟೇ ಓಡಾಟ. ಮರ ಎಷ್ಟೇ ಸೊರಗಲಿ, ಬೆಣೆ ಕಳೆದುಹೋಗುವ ಮಾತೇ ಇಲ್ಲ. ಜೊತೆಗೆ ಬೆಣೆಯ ಬಾಗನ್ನು ಇನ್ನೊಂದಿಷ್ಟು ಹೆಚ್ಚಿಸಿದರೆ ನಡೆಯುವುದೂ ನಿಲ್ಲುತ್ತದೆ.

ಕುಲುಮೆಗೆ ಮರಳಿದೆವು. ಅಪ್ಪ ತಿದಿಯ ಹತ್ತಿರ ಕುಳಿತ. ಅಕ್ಕ ಅಡಿಗಲ್ಲಿನ ಹತ್ತಿರ ಕುಳಿತಳು.

ತಾತ ಬಾಯಿ ತೆರೆದು, "ಆಚಾರೀ, ಹೆಣ್ಣುಡ್ಗಿ ಕೈಲಿ..." ಎಂದ.

"ಬೆಂಕಿಗೆ ಗಂಡು ಹೆಣ್ಣು ಗೊತ್ತಾಗ್ತೈತೇನು ತಾತ?" ಎಂದ ಅಪ್ಪ, ತಿದಿ ಒತ್ತುತ್ತಲೇ.

ಅಕ್ಕ ಬೈರಿಗೆಯಿಂದ ಒಂದೊಂದು ಬೆಣೆಯಲ್ಲೂ ಸಾಲಾಗಿ ಮೂರು ತೂತು ಕೊರೆದು, ಉಳಿಯಿಂದ ಅವನ್ನು ಸೇರಿಸಿ, ಸಣ್ಣ ಅರದಿಂದ ಒಳಗೆಲ್ಲ ನಯ ಮಾಡಿ, ಬಾಗನ್ನೂ ಒಂದಿಷ್ಟು ಹೆಚ್ಚಿಸಿದಳು. ಅವಳ ತುಟಿಯ ಮೇಲೆ ಬೆವರಿನ ಹನಿಗಳು ನಿಂತಿದ್ದವು, ಒರೆಸಿಕೊಳ್ಳಲಿಲ್ಲ. ಮರಕ್ಕೆ ಮೊಳೆ ಕೂರಿಸುವಾಗ ಅವಳು ಉಸಿರು ಬಿಗಿಹಿಡಿದಳು. ನಾನೂ ಹಿಡಿದೆ. ಮರ ಸೀಳಲಿಲ್ಲ. ದಿನವೂ ನನ್ನ ಜಡೆ ಎಳೆದು, ನನ್ನ ಪಾಲಿನ ಬೆಲ್ಲ ಕದ್ದು ತಿನ್ನುತ್ತಿದ್ದ ಅಕ್ಕ ಅವಳೇ. ಆದರೆ ಆ ಮಧ್ಯಾಹ್ನ ಅವಳ ಹತ್ತಿರ ಕುಳಿತುಕೊಳ್ಳಲು ನನಗೆ ಸಂಕೋಚವಾಯಿತು, ಗುಡಿಯೊಳಗೆ ಆಗುವ ಹಾಗೆ.

ಬೆಣೆಗಳಿಗೆ ಹೊಸದಾಗಿ ಮಸಿ ಬಳಿದು, ಮತ್ತೆ ಹಳ್ಳದಲ್ಲಿ ಹೊಡೆದು ನೋಡಿದೆವು. ಮಸಿ ಹಾಗೇ ಇತ್ತು. ಬಿಳಿಗೆರೆ ಕಾಣಲಿಲ್ಲ. ಇನ್ನೊಮ್ಮೆ ಕಾವಲಿನ ಬಯಲಲ್ಲಿ, ಬಿಸಿಲಿಗೆ ಕಾದ ಮೇಲೂ ನೋಡಿಬಿಡೋಣ ಎಂದು ಅಪ್ಪ ಹೊರಟ. ನೋಡಲು ಅಕ್ಕನ ಕಣ್ಣು ಬೇಕು, ನನ್ನನ್ನು ಒಬ್ಬಳನ್ನೇ ಬಿಡುವಂತಿಲ್ಲ. ನಾಲ್ವರೂ ನಡೆದೆವು.

ಕಾವಲು ಎಂದರೆ ಕಣ್ಣು ಹಾಯುವವರೆಗೂ ಹುಲ್ಲು. ಬೇಸಿಗೆಯಲ್ಲಿ ಅದು ಹಣ್ಣಾದ ನವಣೆಯ ಬಣ್ಣಕ್ಕೆ ತಿರುಗಿ, ಗಾಳಿ ಬೀಸಿದಾಗ ನೀರಿನ ಹಾಗೆ ಅಲೆಯೇಳುತ್ತಿತ್ತು. ದೂರದಲ್ಲಿ ಬ್ರಹ್ಮಗಿರಿ ನೀಲಿಯಾಗಿ ಮಲಗಿತ್ತು. ಒಂದು ಬದಿಗೆ ಬಂಡೆಗಳ ಗುಡ್ಡ, ಅದರ ಬುಡದಲ್ಲಿ ರಾತ್ರಿ ದನ ಕೂಡುವ ಮುಳ್ಳುಬೇಲಿಯ ರೊಪ್ಪ. ಹೊತ್ತು ಇಳಿಯುತ್ತಿದ್ದುದರಿಂದ ದನಗಳು ರೊಪ್ಪದ ಕಡೆ ಬರುತ್ತಿದ್ದವು. ಬಿಳಿ, ಬೂದು ಮೈ, ಕತ್ತಿಯಂಥ ಉದ್ದ ಕೊಂಬು. ತಾತ "ರಾ ನಾಯನಾ, ರಾ" ಎಂದು ತನ್ನ ಮನೆಮಾತಾದ ತೆಲುಗಿನಲ್ಲಿ, ಬಾ ಮಗನೇ ಎಂದು ಕರೆದ. ಹಿರಿಯ ಎತ್ತು ಹಿಂಡಿನಿಂದ ಬಂದು ಅವನ ಎದೆಗೆ ಮೂತಿ ತಾಗಿಸಿತು. ಅದರ ಎಡಗಿವಿ ಹರಿದು ಎರಡಾಗಿತ್ತು. ತಾತ ಆ ಕಿವಿಯನ್ನು ಮುಟ್ಟಲಾರದೆ ಕೈ ಹಿಂದಕ್ಕೆ ತೆಗೆದ.

ತಮ್ಮನ ಮಗ ಓಡಿಬಂದು, ಹಸುವೊಂದು ಹಿಂದೆ ಉಳಿದು ಪೊದೆಯ ಮರೆಯಲ್ಲಿ ಈಯುತ್ತಿದೆ ಎಂದ. ತಾತ ತುಪಾಕಿ ತುಂಬಿಕೊಂಡು ಅವನ ಜೊತೆ ಹೊರಟ. ಅಪ್ಪನೂ ಹೋದ. "ದನಗಳ ಹತ್ರಾನೇ ಇರ್ರಿ, ಎಲ್ಲೂ ಹೋಗ್ಬೇಡಿ" ಎಂದು ನಮಗೆ ಹೇಳಿದ. ಅವರು ನೂರು ಹೆಜ್ಜೆ ಹೋಗಿರಬೇಕು.

ಇದ್ದಕ್ಕಿದ್ದಂತೆ ಹಕ್ಕಿಗಳ ಸದ್ದು ನಿಂತಿತು. ಮೇಯುತ್ತಿದ್ದ ಎಲ್ಲ ತಲೆಗಳೂ ಒಂದೇ ಸಲ ಮೇಲೆದ್ದವು. ಹಿರಿಯ ಎತ್ತು ಮೂಗಿನಿಂದ ಜೋರಾಗಿ ಉಸಿರು ಬಿಟ್ಟಿತು. ಅಷ್ಟೇ. ಮರುಗಳಿಗೆ ನೆಲ ನಡುಗಿತು. ಅಕ್ಕ ನನ್ನನ್ನು ಎಳೆದು ತನ್ನ ಕೆಳಗೆ ಹಾಕಿಕೊಂಡಳು. ತುಳಿದೇಬಿಡುತ್ತವೆ ಎಂದು ಕಣ್ಣು ಮುಚ್ಚಿದೆ. ಗೊರಸಿನ ಸದ್ದು ನಮ್ಮ ಎರಡೂ ಬದಿಯಿಂದ ಹಾದು ಹೋಯಿತು. ಕಣ್ಣು ತೆರೆದಾಗ ನಾವು ಒಂದು ಸುತ್ತಿನ ನಡುವೆ ಇದ್ದೆವು. ನಮ್ಮ ಅಕ್ಕಪಕ್ಕ ಏಳೆಂಟು ಕರುಗಳು ನಡುಗುತ್ತಾ ಒತ್ತಿಕೊಂಡು ನಿಂತಿದ್ದವು. ಅವುಗಳ ಸುತ್ತ ಹಸುಗಳು, ಅವುಗಳ ಸುತ್ತ ಎತ್ತುಗಳು, ಎಲ್ಲವೂ ಬೆನ್ನು ನಮ್ಮ ಕಡೆ, ಕೊಂಬು ಹೊರಗಡೆ. ಯಾರು ಕಲಿಸಿದರು ಅವಕ್ಕೆ? ಒಂದು ಗಳಿಗೆಯ ಹಿಂದೆ ಚೆಲ್ಲಿದ ಕಾಳಿನ ಹಾಗೆ ಹರಡಿದ್ದ ದನಗಳು ಈಗ ಕೋಟೆಯಾಗಿದ್ದವು.

ಕಾಲುಗಳ ಸಂದಿಯಿಂದ ನಾನು ನೋಡಿದೆ. ಎದುರಿನ ಬಂಡೆಯ ಮೇಲೆ ಚಿರತೆ ಕುಳಿತಿತ್ತು. ಇಳಿಬಿಸಿಲು ಅದರ ಮೈಮೇಲೆ ಬಿದ್ದು ಚಿನ್ನದ ಹಾಗೆ ಹೊಳೆಯುತ್ತಿತ್ತು. ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು. ಮಕ್ಕಳೇ, ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಕಣ್ಣು ಕೀಳಲಾಗಲಿಲ್ಲ. ಅಷ್ಟು ಚೆಲುವಾದ ಪ್ರಾಣಿಯನ್ನು ನಾನು ಅದುವರೆಗೂ, ಆಮೇಲೂ ನೋಡಿಲ್ಲ.

"ಕುಂತ್ಕಳ್ರೀ! ಏಳ್ಬೇಡ್ರೀ!" ಎಂದು ಅಪ್ಪ ದೂರದಿಂದ ಕೂಗಿದ. ತಾತ ಮಂಡಿಯೂರಿ ತುಪಾಕಿ ಎತ್ತಿದ್ದ. ಆದರೆ ಗುಂಡು ಹಾರಲಿಲ್ಲ. ಬಂಡೆಯ ಬುಡದಲ್ಲೇ ಹಿರಿಯ ಎತ್ತು ಕೊಂಬು ತಗ್ಗಿಸಿ ನಿಂತಿತ್ತು. ಅದರ ಹಿಂದೆ ನಾವಿದ್ದೆವು. ನಳಿಗೆ ಇನ್ನೊಮ್ಮೆ ಎದ್ದರೆ? ತಾತ ತುಪಾಕಿಯನ್ನು ಸುಟ್ಟ ಕೆನ್ನೆಯವರೆಗೆ ತಂದು ಮತ್ತೆ ಇಳಿಸಿದ್ದು ನನಗೂ ಕಾಣಿಸಿತು. ಚಿರತೆ ಮುಂಗಾಲುಗಳನ್ನು ಒಳಗೆ ಎಳೆದುಕೊಂಡು ನೆಗೆಯಲು ಸಿದ್ಧವಾಯಿತು.

ಅಕ್ಕ ಕೂಗಿದಳು. ಅವಳ ದನಿ ಅಷ್ಟು ಜೋರೆಂದು ನನಗೆ ಗೊತ್ತೇ ಇರಲಿಲ್ಲ.

"ತಾತಾ, ಬೆಣೆ ಗಟ್ಟಿ ಐತೆ! ನಾನೇ ಹಾಕೀನಿ! ಹೊಡೀರಿ!"

ತಾತ ಕೆನ್ನೆಯನ್ನು ತುಪಾಕಿಯ ಮರಕ್ಕೆ ಒತ್ತಿದ. ಸದ್ದು ಗುಡ್ಡದಿಂದ ಗುಡ್ಡಕ್ಕೆ ಉರುಳಿತು. ಚಿರತೆಯ ಕಾಲ ಕೆಳಗೆ, ಗೇಣು ದೂರದಲ್ಲಿ ಬಂಡೆ ಸಿಡಿದು ಕಲ್ಲಿನ ಚೂರು ಹಾರಿತು. ಚಿರತೆ ಗಾಳಿಯಲ್ಲೇ ಮೈ ತಿರುಗಿಸಿ, ಎರಡು ಬಂಡೆ, ಮೂರು ಬಂಡೆ ದಾಟಿ, ಗುಡ್ಡದ ಆಚೆಗೆ ಮಾಯವಾಯಿತು. ಆ ವರ್ಷ ಮತ್ತೆ ಅದು ಆ ಕಡೆ ಸುಳಿಯಲಿಲ್ಲ. ಸುತ್ತು ಕಟ್ಟಿದ್ದ ದನಗಳು ಮಾತ್ರ ಬಹಳ ಹೊತ್ತು ಕದಲಲಿಲ್ಲ. ತಾತ ಬಂದು ಒಂದೊಂದರ ಬೆನ್ನು ತಟ್ಟಿ ಮಾತಾಡಿದ ಮೇಲೆಯೇ ದಾರಿ ಬಿಟ್ಟವು. ಅಪ್ಪ ನಮ್ಮಿಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡ. ಅವನ ಎದೆ ತಿದಿಯ ಹಾಗೆ ಏರಿ ಇಳಿಯುತ್ತಿತ್ತು.

"ಗುರಿ ತಪ್ತಾ ತಾತ?" ಎಂದು ಅಪ್ಪ ಕೇಳಿದ.

"ಇಲ್ಲ. ಎಲ್ಲಿ ನೋಡಿದ್ನೋ ಅಲ್ಲೇ ಬಿತ್ತು. ಈ ನೆಲದಾಗೆ ಇನ್ನೊಂದು ರಕ್ತ ಬೇಡ ಅನ್ನಿಸ್ತು," ಎಂದ ತಾತ. ಆಮೇಲೆ ಹಿರಿಯ ಎತ್ತಿನ ಹರಿದ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಎತ್ತು ಸುಮ್ಮನೆ ನಿಂತಿತ್ತು. ಅಪ್ಪ ತುಪಾಕಿ ತೆಗೆದುಕೊಂಡು, ಬೆಣೆ ನೋಡಿಬಿಡು ಎಂದು ಅಕ್ಕನಿಗೆ ಕೊಡಲು ಹೋದಾಗ ತಾತ ತಡೆದು, ತಾನೇ ಅದನ್ನು ಎರಡೂ ಕೈಯಲ್ಲಿ ಎತ್ತಿ ಅಕ್ಕನ ಮುಂದೆ ಹಿಡಿದು, "ನೋಡಿ ಹೇಳ್ರಿ, ಆಚಾರೀ" ಎಂದ. ನನ್ನ ಅಕ್ಕನಿಗೆ ಹದಿನಾಲ್ಕು ವರ್ಷ. ಅಷ್ಟು ವಯಸ್ಸಾದವನು ಅವಳನ್ನು ಬಹುವಚನದಲ್ಲಿ ಕರೆದಿದ್ದ. ಅಕ್ಕ ನೋಡಿದಳು. ಮಸಿ ಇದ್ದ ಹಾಗೇ ಇತ್ತು.

ಪೊದೆಯ ಮರೆಯಲ್ಲಿ ಹಸು ಈದಿತ್ತು. ಒದ್ದೆ ಮೈಯ ಕರು ನಾಲ್ಕು ಸಲ ಬಿದ್ದು ಐದನೆಯ ಸಲ ಎದ್ದು ನಿಂತಿತು. ತಾತ ಅಂದು ನಾವು ಕಟ್ಟಿಕೊಂಡು ಹೋಗಿದ್ದ ಬುತ್ತಿಯ ರೊಟ್ಟಿಯನ್ನು ಹೊಟ್ಟೆತುಂಬ ತಿಂದ.

ಈಗ ನೀವು ಚಳ್ಳಕೆರೆಯಿಂದ ಬಸ್ಸು ಹತ್ತಿ, ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಾ ನನ್ನ ಹತ್ತಿರ ಬರುತ್ತೀರಿ. ನಾವು ಅರ್ಧ ದಿನ ನಡೆಯುತ್ತಿದ್ದ ಹುಲ್ಲುಗಾವಲು ನಿಮಗೆ ಒಂದು ತೂಕಡಿಕೆಯಲ್ಲಿ ಮುಗಿದುಹೋಗುತ್ತದೆ. ಗುಂಡಿ ಒತ್ತಿದರೆ ನಿಮಗೆ ಬೆಳಕು, ಇನ್ನೊಂದು ಒತ್ತಿದರೆ ಆಫ್ರಿಕಾದ ಸಿಂಹ ಮನೆಯೊಳಗೇ ಗರ್ಜಿಸುತ್ತದೆ, ನೀವು ಕಡಲೆಕಾಯಿ ತಿನ್ನುತ್ತಾ ನೋಡುತ್ತೀರಿ. ನಿಮ್ಮಲ್ಲಿ ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿ ಯಂತ್ರಗಳ ಚಿತ್ರ ಬರೆದು ತಂದು ತೋರಿಸುತ್ತಾರೆ, ಅದನ್ನು ಯಾರೂ ದೊಡ್ಡ ಸುದ್ದಿ ಮಾಡುವುದಿಲ್ಲ. ನನ್ನ ಅಕ್ಕ ಇದ್ದಿದ್ದರೆ ಆ ಚಿತ್ರಗಳ ಮುಂದೆ ಊಟ ಮರೆತು ಕೂರುತ್ತಿದ್ದಳು. ನಿಮ್ಮ ಪ್ರಪಂಚ ನಮ್ಮದಕ್ಕಿಂತ ಬಹಳ ದೊಡ್ಡದು, ನನಗೆ ಗೊತ್ತು. ನಮ್ಮದು ಕಾಲು ನಡೆದಷ್ಟೇ ದೂರದ ಸಣ್ಣ ಪ್ರಪಂಚ. ಆದರೆ ಅದರೊಳಗೆ ಎತ್ತು, ಚಿರತೆ, ಬೆಂಕಿ, ಹದಿನಾಲ್ಕು ವರ್ಷದ ಹುಡುಗಿ, ಎಲ್ಲವೂ ತಲೆ ಎತ್ತಿ ನೋಡುವಷ್ಟು ಎತ್ತರವಾಗಿದ್ದವು. ಎಂಬತ್ತು ದಾಟಿದರೂ ನಾನಿನ್ನೂ ಅವುಗಳ ಕಡೆ ಕತ್ತೆತ್ತಿಯೇ ನೋಡುತ್ತಿದ್ದೇನೆ.